ಕೂಗದ ಬದಲಾವಣೆಗಳು: ಹಾಲಿನ ಬಟವಾಡೆ ತಂತ್ರಾಂಶವೊಂದು ಪೈಥಾನ್ 2ರಿಂದ 3ಕ್ಕೆ ಸಾಗಿದ ಪ್ರಕರಣ

ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುವ ಒಂದು ಸಣ್ಣ ತಂಡದ ಜೊತೆ 2021ರಲ್ಲಿ ಕೆಲವು ತಿಂಗಳು ಕೆಲಸ ಮಾಡುವ ಅವಕಾಶ ನನಗೆ ಒದಗಿತು. ಅವರ ಮೊದಲ ಯತ್ನ ಮುಗ್ಗರಿಸಿದ ಮೇಲೆ ನನ್ನನ್ನು ಕರೆದಿದ್ದರು. ಆದ್ದರಿಂದ ಕಥೆಯ ಮೊದಲರ್ಧವನ್ನು ಅವರ ಬಾಯಿಂದ ಕೇಳಿ, ಉಳಿದರ್ಧವನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ. ತಂಡದ, ಸಂಘಗಳ, ಊರುಗಳ ಹೆಸರನ್ನು ಬಿಟ್ಟಿದ್ದೇನೆ, ಗುರುತು ಸಿಕ್ಕಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೋಡಿನೊಳಗೆ ಏನಾಯಿತು ಎಂಬುದನ್ನು ಮಾತ್ರ ಆದಂತೆಯೇ ಇಟ್ಟಿದ್ದೇನೆ, ಏಕೆಂದರೆ ಬೇರೆಯವರಿಗೆ ಉಪಯೋಗಕ್ಕೆ ಬರುವುದು ಆ ಭಾಗವೇ.

ಹಿನ್ನೆಲೆ

ತಂತ್ರಾಂಶದ ಕೆಲಸ ಹೇಳಲು ಸರಳ. ಬೆಳಿಗ್ಗೆ ಮತ್ತು ಸಂಜೆ ಹಾಲು ಹಾಕುವವರ ಸದಸ್ಯ ಸಂಖ್ಯೆ, ಲೀಟರು, ಜಿಡ್ಡಿನಂಶ ಇವಿಷ್ಟೂ ಅಳತೆ ಯಂತ್ರದಿಂದ ಒಂದು ಕಡತಕ್ಕೆ ಬಂದು ಬೀಳುತ್ತವೆ. ದರದ ಪಟ್ಟಿಯನ್ನು ನೋಡಿ ಪ್ರತಿ ಹೊತ್ತಿನ ಹಾಲಿಗೆ ಬೆಲೆ ಕಟ್ಟಿ, ಹದಿನೈದು ದಿನಕ್ಕೊಮ್ಮೆ ಎಲ್ಲವನ್ನೂ ಕೂಡಿ, ಪಶು ಆಹಾರದ ಬಾಕಿ ಇದ್ದರೆ ಕಳೆದು, ಬಟವಾಡೆ ಪಟ್ಟಿಯನ್ನು ತಯಾರಿಸಬೇಕು. ಸುಮಾರು ಹನ್ನೊಂದು ಸಾವಿರ ಸಾಲಿನ ಈ ಕೋಡನ್ನು ಹತ್ತು ವರ್ಷಗಳ ಅವಧಿಯಲ್ಲಿ ನಾಲ್ಕಾರು ಮಂದಿ ಬರೆದಿದ್ದರು, ಅವರಲ್ಲಿ ಇಬ್ಬರು ಮಾತ್ರ ಇನ್ನೂ ತಂಡದಲ್ಲಿದ್ದರು. ಎಲ್ಲವೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2.7 ಆವೃತ್ತಿಯಲ್ಲಿತ್ತು.

ಪೈಥಾನ್ 3.0 ಬಿಡುಗಡೆಯಾದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯ ಕೋಡು ಹೊಸದರಲ್ಲಿ ಇದ್ದ ಹಾಗೆ ಓಡುವುದಿಲ್ಲ ಎಂಬುದನ್ನು ಅದರ ನಿರ್ಮಾತೃಗಳು ಮುಚ್ಚಿಡಲಿಲ್ಲ. ಭಾಷೆಯಲ್ಲಿ ಮೊದಲಿನಿಂದ ಉಳಿದುಬಂದಿದ್ದ ತಪ್ಪುಗಳನ್ನು ಒಂದೇ ಸಲಕ್ಕೆ ತಿದ್ದುವುದು ಅವರ ಉದ್ದೇಶವಾಗಿತ್ತು. 2010ರ ಜುಲೈನಲ್ಲಿ ಬಂದ 2.7 ಹಳೆಯ ಸರಣಿಯ ಕೊನೆಯ ಆವೃತ್ತಿ. ಅದರ ಬೆಂಬಲ 2015ಕ್ಕೆ ನಿಲ್ಲಬೇಕಿತ್ತು, ಬಳಕೆದಾರರು ಕದಲದಿದ್ದ ಕಾರಣ 2014ರಲ್ಲಿ ಗಡುವನ್ನು 2020ಕ್ಕೆ ಮುಂದೂಡಲಾಯಿತು. ಕಟ್ಟಕಡೆಯ 2.7.18 ಹೊರಬಂದದ್ದು 2020ರ ಏಪ್ರಿಲ್‌ನಲ್ಲಿ. ಮುಂದೂಡಿದ ಆ ಐದು ವರ್ಷಗಳಲ್ಲಿ ನಮ್ಮ ತಂಡ ಈ ವಿಷಯಕ್ಕೆ ಕೈ ಹಾಕಲಿಲ್ಲ. ಅದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ: ಪ್ರತಿ ಹದಿನೈದು ದಿನಕ್ಕೆ ಹಣ ಕೊಡಲೇಬೇಕಾದ ವ್ಯವಸ್ಥೆಯನ್ನು ಸುಮ್ಮಸುಮ್ಮನೆ ಯಾರೂ ಕೆದಕುವುದಿಲ್ಲ.

ಕದಲಲೇಬೇಕಾಗಿ ಬಂದದ್ದು ಸರ್ವರಿನ ಡಿಸ್ಕ್ ಕೆಟ್ಟಾಗ. ಹೊಸ ಯಂತ್ರಕ್ಕೆ ಉಬುಂಟು 20.04 ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದರು, ಅದರೊಂದಿಗೆ ಬರುವುದು ಪೈಥಾನ್ 3.8. ಹಳೆಯ ಪೈಥಾನನ್ನು ಬೇರೆಯಾಗಿ ಹಾಕಿಕೊಳ್ಳಬಹುದಿತ್ತು, ಹಾಕಿಯೂ ನೋಡಿದರು. ಆದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಅಂದರೆ ಲೈಬ್ರರಿಗಳನ್ನು, ತರಿಸಿಕೊಡುವ ಪಿಪ್ ಎಂಬ ಸಾಧನ 2021ರ ಜನವರಿಯಲ್ಲಿ ಬಂದ 21.0 ಆವೃತ್ತಿಯಿಂದ ಪೈಥಾನ್ 2ನ್ನು ಕೈಬಿಟ್ಟಿತ್ತು, ಎಕ್ಸೆಲ್ ಕಡತ ಬರೆಯುವ ಲೈಬ್ರರಿಯ ಹೊಸ ಆವೃತ್ತಿಯೂ ಹಳೆಯದಕ್ಕೆ ಸಿಗುತ್ತಿರಲಿಲ್ಲ. ಇನ್ನು ತಡ ಮಾಡಿದರೆ ದಾರಿ ಇನ್ನಷ್ಟು ಕಿರಿದಾಗುತ್ತದೆ ಎಂದು ತಂಡದ ಹಿರಿಯರು ತೀರ್ಮಾನಿಸಿದರು. ತೀರ್ಮಾನ ಸರಿಯಾಗಿಯೇ ಇತ್ತು. ಜೊತೆಗೆ ಅವರು ಇನ್ನೊಂದು ನಿರ್ಧಾರವನ್ನೂ ಮಾಡಿದರು: ಬ್ಯಾಕಪ್‌ನಿಂದ ಎತ್ತಿದ ಹಳೆಯ ವ್ಯವಸ್ಥೆಯನ್ನು ಕಚೇರಿಯ ಮೂಲೆಯ ಒಂದು ಹಳೆಯ ಕಂಪ್ಯೂಟರಿನಲ್ಲಿ ಓಡುವ ಸ್ಥಿತಿಯಲ್ಲೇ ಇಟ್ಟುಕೊಳ್ಳುವುದು. ಆಗ ಅದು ಯಾರಿಗೂ ದೊಡ್ಡ ಮಾತಾಗಿ ಕಾಣಲಿಲ್ಲ.

ಮೊದಲ ಯತ್ನ

ಹಳೆಯ ಕೋಡನ್ನು ಹೊಸ ವ್ಯಾಕರಣಕ್ಕೆ ತಿರುಗಿಸಿಕೊಡುವ ಟು-ಟು-ತ್ರೀ ಎಂಬ ಸಾಧನ ಪೈಥಾನ್ ಜೊತೆಗೇ ಬರುತ್ತಿತ್ತು. ತಂಡದ ಇಬ್ಬರು ಯುವಕರು ಒಂದು ಶನಿವಾರ ಅದನ್ನು ಇಡೀ ಕೋಡಿನ ಮೇಲೆ ಓಡಿಸಿದರು. ಬದಲಾದ ಸಾಲುಗಳಲ್ಲಿ ಬಹುಪಾಲು ಪ್ರಿಂಟ್‌ಗೆ ಸಂಬಂಧಿಸಿದ್ದವು: ಹಿಂದೆ ಅದು ಆಜ್ಞೆ, ಆವರಣ ಬೇಕಿರಲಿಲ್ಲ, ಈಗ ಅದು ಫಂಕ್ಷನ್, ಆವರಣ ಬೇಕು. ಓಡುವಾಗಿನ ತಪ್ಪನ್ನು ಹಿಡಿಯುವ ಎಕ್ಸೆಪ್ಟ್ ಸಾಲಿನಲ್ಲಿ ಅಲ್ಪವಿರಾಮ ಇದ್ದೆಡೆ ಆ್ಯಸ್ ಎಂಬ ಪದ ಬಂತು. ಕೀ ಕೊಟ್ಟರೆ ಅದಕ್ಕೆ ಜೋಡಿಸಿದ ಮೌಲ್ಯ ಕೊಡುವ ಪಟ್ಟಿಗೆ ಡಿಕ್ಷನರಿ ಎನ್ನುತ್ತಾರೆ; ಅದರಲ್ಲಿ ಒಂದು ಕೀ ಇದೆಯೇ ಎಂದು ಕೇಳುವ ಹಳೆಯ ವಿಧಾನ ಹೋಗಿ ಇನ್ ಬಂತು. ಒಂದು ಕಡತದಲ್ಲಿ ಟ್ಯಾಬ್ ಮತ್ತು ಖಾಲಿ ಜಾಗ ಬೆರೆತಿದ್ದವು. ಪೈಥಾನ್ 2 ಟ್ಯಾಬನ್ನು ಎಂಟು ಜಾಗವೆಂದು ಎಣಿಸಿಕೊಂಡು ಸುಮ್ಮನಿರುತ್ತಿತ್ತು, 3 ಅದನ್ನು ತಪ್ಪೆಂದು ನಿಲ್ಲಿಸುತ್ತದೆ. ಎಸ್‌ಎಂಎಸ್ ಕಳಿಸುವ ಭಾಗದಲ್ಲಿ ಅಸಿಂಕ್ ಎಂಬ ಹೆಸರಿನ ಆರ್ಗ್ಯುಮೆಂಟ್ ಇತ್ತು, 3.7ರಿಂದ ಅದು ಭಾಷೆಯ ಮೀಸಲು ಪದ, ಹಾಗಾಗಿ ಹೆಸರು ಬದಲಿಸಬೇಕಾಯಿತು. ಇವೆಲ್ಲ ಎರಡು ದಿನದಲ್ಲಿ ಮುಗಿದವು.

ಭಾನುವಾರ ಸಂಜೆಯ ಹೊತ್ತಿಗೆ ತಂತ್ರಾಂಶ ಒಂದೂ ತಪ್ಪು ತೋರದೆ ಓಡಿತು. ಕೈಯಿಂದ ಟೈಪ್ ಮಾಡಿದ ಹತ್ತಾರು ಮಾದರಿ ನಮೂದುಗಳಿಗೆ ಬೆಲೆಯೂ ಸರಿಯಾಗಿ ಬಂತು. ಸೋಮವಾರ ಒಂದು ಸಂಘಕ್ಕೆ ಅದನ್ನು ಪ್ರಾಯೋಗಿಕವಾಗಿ ಕೊಟ್ಟರು. ಹದಿನೈದು ದಿನ ಹಾಲಿನ ನಮೂದುಗಳು ಸೇರುತ್ತಾ ಹೋದವು, ಯಾವ ದೂರೂ ಬರಲಿಲ್ಲ, ಏಕೆಂದರೆ ಬೆಲೆ ಕಟ್ಟುವುದು ಅವಧಿಯ ಕೊನೆಯಲ್ಲಿ. ಪಟ್ಟಿ ಅಚ್ಚಾದ ದಿನ ಸಂಜೆ ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿದರು. "ಸರ್, ಒಂದೇ ಮನೆ ಹಾಲಿಗೆ ಎರಡು ರೇಟು ಬಿದ್ದೈತೆ. ಬೆಳಿಗ್ಗೆ ನಾಲ್ಕು ಇಪ್ಪತ್ತು ಫ್ಯಾಟಿಗೆ ಸರಿ ಐತೆ, ಸಂಜೆ ನಾಲ್ಕು ಇಪ್ಪತ್ತೇಳಕ್ಕೆ ಕಮ್ಮಿ ಐತೆ. ಫ್ಯಾಟು ಜಾಸ್ತಿ ಆದ್ರೆ ದುಡ್ಡು ಕಮ್ಮಿ ಆಗ್ತದಾ?"

ಬಟವಾಡೆ ಮರುದಿನ ಬೆಳಿಗ್ಗೆ ನಡೆಯಬೇಕಿತ್ತು. ಹಿರಿಯರು ಕಾರಣ ಹುಡುಕಲು ಕೂರಲಿಲ್ಲ. ಅದೇ ಹದಿನೈದು ದಿನದ ಕಡತಗಳನ್ನು ಮೂಲೆಯ ಹಳೆಯ ಕಂಪ್ಯೂಟರಿಗೆ ಹಾಕಿ, 2.7ರಲ್ಲಿ ಪಟ್ಟಿ ತೆಗೆದು, ರಾತ್ರಿ ಹನ್ನೊಂದಕ್ಕೆ ಸಂಘಕ್ಕೆ ಕಳಿಸಿದರು. ಯಾರಿಗೂ ಕಡಿಮೆ ಹಣ ಹೋಗಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಅತ್ಯಂತ ಮೆಚ್ಚುವ ನಿರ್ಧಾರ ಇದು: ತಪ್ಪು ಎಲ್ಲಿದೆ ಎಂಬ ಕುತೂಹಲವನ್ನು ಪಕ್ಕಕ್ಕಿಟ್ಟು, ಮೊದಲು ಜನರ ಹಣವನ್ನು ಸರಿ ಮಾಡಿದ್ದು.

ತಪ್ಪು ಎಲ್ಲಿತ್ತು

ಯಂತ್ರ 4.27 ಎಂದು ಕೊಟ್ಟ ಜಿಡ್ಡಿನಂಶವನ್ನು ಕೋಡು 427 ಎಂಬ ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತಿತ್ತು. ದರದ ಪಟ್ಟಿ 0.1ರ ಹೆಜ್ಜೆಯಲ್ಲಿತ್ತು, ಹಾಗಾಗಿ 427ನ್ನು 10ರಿಂದ ಭಾಗಿಸಿ ಬಂದ 42 ಎಂಬ ಕೀಯಿಂದ ಡಿಕ್ಷನರಿಯಲ್ಲಿ ದರ ಹುಡುಕುತ್ತಿದ್ದರು. ಪೈಥಾನ್ 2ರಲ್ಲಿ ಎರಡು ಪೂರ್ಣಾಂಕಗಳ ನಡುವೆ / ಹಾಕಿದರೆ ಬರುವುದು ಪೂರ್ಣಾಂಕವೇ; 427ಕ್ಕೆ 42. ಪೈಥಾನ್ 3ರಲ್ಲಿ ಅದೇ ಚಿಹ್ನೆ ನಿಜವಾದ ಭಾಗಾಕಾರ ಮಾಡುತ್ತದೆ, 427ಕ್ಕೆ 42.7. ಹಳೆಯ ಫಲ ಬೇಕಾದರೆ // ಎಂದು ಎರಡು ಗೆರೆ ಎಳೆಯಬೇಕು. 42.7 ಎಂಬ ಕೀ ಪಟ್ಟಿಯಲ್ಲಿಲ್ಲ. ಕೀ ಸಿಗದಿದ್ದರೆ ಕನಿಷ್ಠ ದರವನ್ನು ಕೊಡು ಎಂದು ಬರೆದಿತ್ತು, ಅದೂ ಸಕಾರಣವಾಗಿಯೇ: ಪಟ್ಟಿಯ ತಳಕ್ಕಿಂತ ಕಡಿಮೆ ಜಿಡ್ಡಿನ ಹಾಲು ಬಂದಾಗ ಲೆಕ್ಕ ನಿಲ್ಲಬಾರದೆಂದು. ಹೀಗೆ ಕಡಿಮೆ ಗುಣಮಟ್ಟಕ್ಕೆಂದು ಇಟ್ಟಿದ್ದ ದರ ಹೆಚ್ಚಿನ ಜಿಡ್ಡಿನ ಹಾಲಿಗೆ ಬಿತ್ತು.

ಹಾಗಾದರೆ 4.20ಕ್ಕೆ ಸರಿ ಬಂದದ್ದೇಕೆ? 420ನ್ನು 10ರಿಂದ ಭಾಗಿಸಿದರೆ 42.0 ಬರುತ್ತದೆ. ಪೈಥಾನಿನಲ್ಲಿ 42.0 ಮತ್ತು 42 ಸಮ, ಕೀ ಹುಡುಕಲು ಡಿಕ್ಷನರಿ ಬಳಸುವ ಹ್ಯಾಶ್ ಎಂಬ ಸಂಖ್ಯೆ ಕೂಡ ಅವೆರಡಕ್ಕೂ ಒಂದೇ. ಡಿಕ್ಷನರಿಗೆ ಅವೆರಡೂ ಒಂದೇ ಕೀ. ಹಾಗಾಗಿ ಕೊನೆಯ ಅಂಕಿ ಸೊನ್ನೆಯಿದ್ದ ನಮೂದುಗಳೆಲ್ಲ ಸರಿಯಾಗಿ ಹಾಯ್ದುಹೋದವು. ಯುವಕರು ಪರೀಕ್ಷೆಗೆಂದು ಟೈಪ್ ಮಾಡಿದ್ದು 3.50, 4.00, 4.20 ಇಂಥ ಅಂಕಿಗಳನ್ನೇ, ಏಕೆಂದರೆ ಮನುಷ್ಯ ಕೈಯಿಂದ ಮಾದರಿ ಕೊಡುವಾಗ ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಯನ್ನೇ ಆರಿಸುತ್ತಾನೆ. ಯಂತ್ರಕ್ಕೆ ಆ ಅಭ್ಯಾಸವಿಲ್ಲ. ಅಂದಿನಿಂದ ಈಚೆಗೆ, ಕೈಯಿಂದ ಬರೆದ ಮಾದರಿಗಳನ್ನು ಮಾತ್ರ ನಂಬಿ ಆವೃತ್ತಿ ಬದಲಿಸುವ ಕೆಲಸಕ್ಕೆ ನಾನು ಒಪ್ಪಿಲ್ಲ.

ಟು-ಟು-ತ್ರೀ ಇದನ್ನು ಏಕೆ ತಿದ್ದಲಿಲ್ಲ ಎಂದು ಯುವಕರು ಬೇಸರದಿಂದ ಕೇಳಿದರು. ಅದು ಕೋಡಿನ ರೂಪವನ್ನು ಓದಬಲ್ಲುದು. / ಚಿಹ್ನೆಯ ಎರಡೂ ಬದಿಗೆ ಓಡುವ ಹೊತ್ತಿನಲ್ಲಿ ಪೂರ್ಣಾಂಕ ಬರುತ್ತದೆಯೋ ದಶಮಾಂಶ ಬರುತ್ತದೆಯೋ ಎಂಬುದು ಅದಕ್ಕೆ ತಿಳಿಯುವ ಬಗೆಯಿಲ್ಲ. ಆದ್ದರಿಂದ ಅದು ಭಾಗಾಕಾರವನ್ನು ಮುಟ್ಟುವುದೇ ಇಲ್ಲ. ಆ ಸಂಜೆ ನಾವು ಬಿಳಿಹಲಗೆಯ ಮೇಲೆ ಎರಡು ಕಾಲಂ ಹಾಕಿದೆವು. ಒಂದರಲ್ಲಿ ಕೂಗುವ ಬದಲಾವಣೆಗಳು: ಪ್ರಿಂಟ್, ಎಕ್ಸೆಪ್ಟ್, ಟ್ಯಾಬ್, ಅಸಿಂಕ್. ಇವು ಸರಿಯಿಲ್ಲದಿದ್ದರೆ ಪೈಥಾನ್ ತಾನೇ ನಿಂತು ಸಾಲಿನ ಸಂಖ್ಯೆ ಹೇಳುತ್ತದೆ. ಇನ್ನೊಂದರಲ್ಲಿ ಕೂಗದವು: ಬರಹ ಅದೇ, ಅರ್ಥ ಬೇರೆ. ತಂಡ ತನ್ನ ಭಯವನ್ನೆಲ್ಲ ಮೊದಲ ಕಾಲಂ ಮೇಲೆ ಖರ್ಚು ಮಾಡಿತ್ತು, ಬಿಲ್ಲು ಕೆಟ್ಟದ್ದು ಎರಡನೆಯದರಿಂದ. ಎರಡನೆಯ ಯತ್ನವನ್ನು ಆ ಎರಡನೆಯ ಕಾಲಂನಿಂದಲೇ ಶುರು ಮಾಡಬೇಕೆಂದು ನಿಶ್ಚಯಿಸಿದೆವು.

ಎರಡನೆಯ ಯತ್ನ

ಮೊದಲ ಹೆಜ್ಜೆಯಲ್ಲಿ ಪೈಥಾನ್ 3ನ್ನು ಮುಟ್ಟಲೇ ಇಲ್ಲ. 2.7ರಲ್ಲಿಯೇ ಎರಡು ಅನುಕೂಲಗಳಿವೆ. -3 ಎಂಬ ಆಯ್ಕೆಯೊಂದಿಗೆ ಓಡಿಸಿದರೆ, ಮುಂದಿನ ಆವೃತ್ತಿಯಲ್ಲಿ ಅರ್ಥ ಬದಲಾಗುವ ಕಡೆಗಳಲ್ಲಿ ಓಡುತ್ತಲೇ ಎಚ್ಚರಿಕೆ ಕೊಡುತ್ತದೆ. ಪೂರ್ಣಾಂಕಗಳ ಭಾಗಾಕಾರ ಅವುಗಳಲ್ಲೊಂದು. ಇನ್ನೊಂದು, ಕಡತದ ತಲೆಯಲ್ಲಿ ಫ್ಯೂಚರ್ ಎಂಬ ಮಾಡ್ಯೂಲಿನಿಂದ ಡಿವಿಜನ್ ತರಿಸಿಕೊಂಡರೆ, ಆ ಒಂದು ಕಡತದ ಮಟ್ಟಿಗೆ ಹೊಸ ಭಾಗಾಕಾರ ಹಳೆಯ ಪೈಥಾನಿನಲ್ಲೇ ಜಾರಿಗೆ ಬರುತ್ತದೆ. ಈ ಸೌಲಭ್ಯ 2001ರಲ್ಲಿ ಬಂದ 2.2ರಿಂದಲೂ ಇದೆ. ದಿನಕ್ಕೆ ಎರಡು ಮೂರು ಕಡತದಂತೆ ತೆಗೆದುಕೊಂಡು, ಪ್ರತಿಯೊಂದು / ಚಿಹ್ನೆಯನ್ನೂ ಇಬ್ಬರು ಕೂತು ಓದಿ, ಇಲ್ಲಿ ಬೇಕಿರುವುದು ಭಾಗಲಬ್ಧವೋ ನಿಜವಾದ ಭಾಗಾಕಾರವೋ ಎಂದು ಕೇಳಿಕೊಂಡು ಗುರುತು ಹಾಕಿದೆವು. ನೂರಕ್ಕೂ ಮಿಗಿಲಾದ ಕಡೆ ಈ ಪ್ರಶ್ನೆ ಕೇಳಬೇಕಾಯಿತು. ಬೇಸರದ ಕೆಲಸವೇ ಹೌದು, ಆದರೆ ಈ ವಾರಗಳಲ್ಲಿ ಯುವಕರು ಆ ಕೋಡನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದರು.

ಜೊತೆಜೊತೆಗೆ ಹೋಲಿಕೆಯ ವ್ಯವಸ್ಥೆಯನ್ನು ಕಟ್ಟಿದೆವು. ಹಿಂದಿನ ಒಂದು ವರ್ಷದ 24 ಬಟವಾಡೆಗಳ ಮೂಲ ಕಡತಗಳನ್ನು ತೆಗೆದುಕೊಂಡು, ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಕೋಡಿನಿಂದಲೂ ಹೊಸದರಲ್ಲಿ ಹೊಸ ಕೋಡಿನಿಂದಲೂ ಪಟ್ಟಿ ತೆಗೆದು, ಸಾಲಿಗೆ ಸಾಲು ಹೋಲಿಸುವುದು. ಸಂಜೆ ಮನೆಗೆ ಹೋಗುವ ಮುನ್ನ ಓಡಲು ಬಿಟ್ಟರೆ ಬೆಳಿಗ್ಗೆ ವ್ಯತ್ಯಾಸಗಳ ಪಟ್ಟಿ ಸಿದ್ಧವಾಗಿರುತ್ತಿತ್ತು. ನಮ್ಮಲ್ಲಿ ಪರೀಕ್ಷಾ ಕೋಡು ಇರಲಿಲ್ಲ, ಹತ್ತು ವರ್ಷದ ಕೋಡಿಗೆ ಅದನ್ನು ಹೊಸದಾಗಿ ಬರೆಯುವಷ್ಟು ಸಮಯವೂ ಇರಲಿಲ್ಲ. ನಿಜವಾದ ಹಾಲಿನ ನಿಜವಾದ ಲೆಕ್ಕವೇ ನಮ್ಮ ಪರೀಕ್ಷೆಯಾಯಿತು.

ಈ ಹೋಲಿಕೆ ಮೊದಲ ವಾರದಲ್ಲೇ ಉಪಯೋಗಕ್ಕೆ ಬಂತು. ಬೇಕಾದ ಸಾಲುಗಳನ್ನು ಆರಿಸಿಕೊಡುವ ಫಿಲ್ಟರ್ ಎಂಬ ಫಂಕ್ಷನ್ ಪೈಥಾನ್ 2ರಲ್ಲಿ ಕೊಡುತ್ತಿದ್ದದ್ದು ಲಿಸ್ಟ್, ಅಂದರೆ ಎಷ್ಟು ಸಲ ಬೇಕಾದರೂ ಓದಬಹುದಾದ ಪಟ್ಟಿ. 3ರಲ್ಲಿ ಅದು ಕೊಡುವುದು ಒಮ್ಮೆ ಹಾಯ್ದರೆ ಬರಿದಾಗುವ ಇಟರೇಟರ್. ಟು-ಟು-ತ್ರೀ ಇದನ್ನು ಬಲ್ಲುದು, ಅದಕ್ಕೇ ಅಂಥ ಕಡೆಯಲ್ಲಿ ಲಿಸ್ಟ್ ಎಂಬ ಹೊದಿಕೆ ಹಾಕಿಕೊಟ್ಟಿತ್ತು. ಅದು ಅನಗತ್ಯವೆಂದು ಭಾವಿಸಿ ಒಬ್ಬ ಯುವಕ ಕೆಲವು ಕಡೆ ತೆಗೆದುಹಾಕಿದ್ದ. ಮೊದಲು ಒಟ್ಟು ಮೊತ್ತ ಕೂಡಿ, ಆಮೇಲೆ ಅದೇ ಫಲಿತದ ಮೇಲೆ ಸಾಲುಗಳನ್ನು ಅಚ್ಚು ಹಾಕುವ ಕೋಡು ಅದು. ಮೊತ್ತ ಸರಿಯಾಗಿ ಬಂತು, ಕೆಳಗೆ ಒಬ್ಬ ಸದಸ್ಯನ ಹೆಸರೂ ಇರಲಿಲ್ಲ. ಹೋಲಿಕೆ ಇಲ್ಲದಿದ್ದರೆ ಇದೂ ಬಟವಾಡೆಯ ಹಿಂದಿನ ಸಂಜೆಯೇ ಕಣ್ಣಿಗೆ ಬೀಳುತ್ತಿತ್ತು.

ಐವತ್ತು ಪೈಸೆ

ಭಾಗಾಕಾರ ಸರಿಯಾದ ಮೇಲೂ ಪ್ರತಿ ಪಟ್ಟಿಯಲ್ಲಿ ಒಂದೆರಡು ಸದಸ್ಯರಿಗೆ ಒಂದೊಂದು ರೂಪಾಯಿ ಕಡಿಮೆ ಬರುತ್ತಿತ್ತು. ಎಲ್ಲರದ್ದೂ ಸರಿಯಾಗಿ ಐವತ್ತು ಪೈಸೆಗೆ ಮುಗಿಯುವ ಮೊತ್ತ. ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತರುವ ರೌಂಡ್ ಎಂಬ ಫಂಕ್ಷನ್ ಪೈಥಾನ್ 2ರಲ್ಲಿ ಅರ್ಧವನ್ನು ಮೇಲಕ್ಕೆ ಒಯ್ಯುತ್ತಿತ್ತು. 3ರಲ್ಲಿ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 2,413.50 ಎರಡರಲ್ಲೂ 2,414 ಆಗುತ್ತದೆ, 2,412.50 ಮಾತ್ರ ಹಿಂದೆ 2,413 ಆಗುತ್ತಿದ್ದದ್ದು ಈಗ 2,412. ದೊಡ್ಡ ಲೆಕ್ಕಗಳಲ್ಲಿ ಒಂದೇ ಕಡೆಗೆ ವಾಲುವಿಕೆ ಸೇರದಂತೆ ತಡೆಯಲು ಸಂಖ್ಯಾಶಾಸ್ತ್ರದಲ್ಲಿ ಈ ಪದ್ಧತಿ ಒಳ್ಳೆಯದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಒಂದು ರೂಪಾಯಿ ತಾನೇ, ಹೊಸ ಭಾಷೆಯ ನಿಯಮವನ್ನೇ ಒಪ್ಪಿಕೊಳ್ಳೋಣ ಎಂಬ ಮಾತು ಬಂತು. ಇಲ್ಲಿ ಹಿರಿಯರು ತಡೆದರು. ಹಾಲು ಹಾಕುವವರ ಹಣವನ್ನು ಮೇಲಕ್ಕೆ ಒಯ್ಯಬೇಕೋ ಕೆಳಕ್ಕೆ ಇಳಿಸಬೇಕೋ ಎಂಬುದು ಪೈಥಾನ್ ತೀರ್ಮಾನಿಸುವ ವಿಷಯವಲ್ಲ, ನಾವು ತೀರ್ಮಾನಿಸುವ ವಿಷಯವೂ ಅಲ್ಲ ಎಂದು ಹೇಳಿ, ಕಾರ್ಯದರ್ಶಿಯವರನ್ನೇ ಕೇಳಿದರು. ಐವತ್ತು ಪೈಸೆಯಾದರೆ ರೂಪಾಯಿಗೆ ಏರಿಸುವುದು ಕೈಬರಹದ ಲೆಡ್ಜರ್ ಕಾಲದಿಂದಲೂ ಬಂದ ಪದ್ಧತಿ ಎಂದು ಅವರು ಹೇಳಿದರು. ಆಗ ರೌಂಡ್ ಬಿಟ್ಟು, ದಶಮಾಂಶವನ್ನು ನಿಖರವಾಗಿ ಹಿಡಿಯುವ ಡೆಸಿಮಲ್ ಮಾಡ್ಯೂಲಿಗೆ ಬಂದು, ಅರ್ಧವನ್ನು ಮೇಲಕ್ಕೆ ಒಯ್ಯುವ ನಿಯಮವನ್ನು ಕೋಡಿನಲ್ಲಿ ಹೆಸರಿಟ್ಟು ಬರೆದೆವು.

ಇದರಿಂದ ಇನ್ನೊಂದು ಪ್ರಶ್ನೆ ಎದ್ದಿತು, ಅದನ್ನು ನಾವು ನಿರೀಕ್ಷಿಸಿರಲಿಲ್ಲ. ಈಗ ಪೈಸೆಯ ಮಟ್ಟದಲ್ಲಿ ಹೊಸ ವ್ಯತ್ಯಾಸಗಳು ಕಾಣಿಸಿಕೊಂಡವು, ಮತ್ತು ಅವುಗಳಲ್ಲಿ ತಪ್ಪಿದ್ದದ್ದು ಹಳೆಯ ಕೋಡು. 2.675ನ್ನು ಎರಡು ದಶಮಾಂಶಕ್ಕೆ ತಂದರೆ 2.68 ಬರಬೇಕೆಂದು ನಾವು ಎಣಿಸುತ್ತೇವೆ. ಕಂಪ್ಯೂಟರು ದಶಮಾಂಶಕ್ಕೆ ಸಾಮಾನ್ಯವಾಗಿ ಬಳಸುವ ಫ್ಲೋಟ್ ಸಂಖ್ಯೆಯಲ್ಲಿ ಎರಡೂ ಪೈಥಾನ್‌ಗಳು 2.67 ಎನ್ನುತ್ತವೆ, ಏಕೆಂದರೆ ದ್ವಿಮಾನ ಪದ್ಧತಿಯಲ್ಲಿ 2.675 ನಿಖರವಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಕೆಳಗೆ ಉಳಿಯುತ್ತದೆ. ಹತ್ತು ವರ್ಷ ಹೀಗೆ ಅಲ್ಲೊಂದು ಇಲ್ಲೊಂದು ಪೈಸೆ ತಪ್ಪಿತ್ತು. ಹಾಗಾದರೆ ಹೋಲಿಕೆಯಲ್ಲಿ ವ್ಯತ್ಯಾಸ ಸೊನ್ನೆಯಾಗಬೇಕು ಎಂಬ ನಮ್ಮ ಗುರಿಯೇ ಸರಿಯಿರಲಿಲ್ಲ. ಅಲ್ಲಿಂದ ಮುಂದೆ ನಿಯಮ ಬದಲಾಯಿತು: ವ್ಯತ್ಯಾಸ ಇರಬಹುದು, ಆದರೆ ಹೆಸರಿಲ್ಲದ ವ್ಯತ್ಯಾಸ ಇರಕೂಡದು. ಒಂದು ರೂಲುಹಾಳೆಯ ಪುಸ್ತಕದಲ್ಲಿ ಪ್ರತಿ ಬಗೆಯ ವ್ಯತ್ಯಾಸಕ್ಕೂ ಕಾರಣ, ಹಳೆಯದು ಸರಿಯೋ ಹೊಸದು ಸರಿಯೋ ಎಂಬ ತೀರ್ಮಾನ, ಒಪ್ಪಿದವರ ಸಹಿ ಇಷ್ಟನ್ನು ಬರೆದಿಟ್ಟೆವು. ನನ್ನ ಅನುಭವದಲ್ಲಿ ಈ ಕೆಲಸದ ನಿಜವಾದ ತಿರುವು ಅದೇ. ಅದುವರೆಗೆ ನಾವು ಹಳೆಯದನ್ನು ನಕಲು ಮಾಡುತ್ತಿದ್ದೆವು, ಅಂದಿನಿಂದ ಲೆಕ್ಕಕ್ಕೆ ಹೊಣೆ ಹೊತ್ತೆವು.

ಆ ಪುಸ್ತಕದ ಎರಡು ನಮೂದುಗಳನ್ನು ಇಲ್ಲಿ ಹೇಳಲೇಬೇಕು. ಒಂದು, ಬ್ಯಾಂಕ್ ಖಾತೆ ಇಲ್ಲದ ಸದಸ್ಯರದ್ದು. ಪಟ್ಟಿಯನ್ನು ಖಾತೆ ಸಂಖ್ಯೆಯ ಪ್ರಕಾರ ಜೋಡಿಸುವಾಗ ಪೈಥಾನ್ 2 ನನ್ ಎಂಬ ಖಾಲಿ ಮೌಲ್ಯವನ್ನು ಎಲ್ಲ ಸಂಖ್ಯೆಗಿಂತ ಚಿಕ್ಕದೆಂದು ತಿಳಿದು ಮೇಲೆ ತರುತ್ತಿತ್ತು. 3 ಅವೆರಡನ್ನು ಹೋಲಿಸಲಾರೆ ಎಂದು ನಿಂತುಬಿಡುತ್ತದೆ. ಖಾಲಿ ಇದ್ದವರನ್ನು ಕೊನೆಗೆ ತಳ್ಳಿ ಮುಗಿಸಬಹುದಿತ್ತು. ಕೇಳಿ ನೋಡಿದರೆ, ಮೇಲಿನ ಆ ಹೆಸರುಗಳನ್ನು ನೋಡಿಯೇ ಸಂಘದವರು ನಗದು ಎಣಿಸಿ ಇಟ್ಟುಕೊಳ್ಳುತ್ತಿದ್ದರು. ಯಾರೂ ಬರೆಯದ, ಭಾಷೆಯ ಒಂದು ಸಡಿಲಿಕೆಯಿಂದ ಹುಟ್ಟಿದ ಅನುಕೂಲವನ್ನು ಜನ ತಮ್ಮ ಕೆಲಸದೊಳಗೆ ಸೇರಿಸಿಕೊಂಡಿದ್ದರು. ನಗದು ಪಡೆಯುವವರು ಮೊದಲು ಎಂಬುದನ್ನು ಈಗ ಸ್ಪಷ್ಟವಾಗಿ ಕೋಡಿನಲ್ಲಿ ಬರೆದೆವು.

ಇನ್ನೊಂದು, ಹಾಲಿನ ಮಾರ್ಗಗಳ ಸಂಖ್ಯೆ. ಟು-ಟು-ತ್ರೀ ಮಾಡಿದ ಬದಲಾವಣೆಗಳನ್ನು ಎರಡನೆಯ ಸುತ್ತಿನಲ್ಲಿ ಸಾಲುಸಾಲಾಗಿ ಓದುವಾಗ, ಮಾರ್ಗದ ಸಂಖ್ಯೆಯೊಂದರ ನಡುವೆ ಇಂಗ್ಲಿಷಿನ ಓ ಅಕ್ಷರ ಬಂದು ಕೂತಿರುವುದನ್ನು ತಂಡದ ಅತ್ಯಂತ ಕಿರಿಯ ಹುಡುಗಿ ಗುರುತಿಸಿದಳು. ಮೂಲದಲ್ಲಿ ಯಾರೋ ಅಂದವಾಗಿ ಕಾಣಲೆಂದು 001, 002 ಎಂದು ಬರೆಯುತ್ತ ಹೋಗಿದ್ದರು. ಪೈಥಾನ್ 2ರಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಅಷ್ಟಮಾನದ್ದು, ಅಂದರೆ ಹತ್ತರ ಬದಲು ಎಂಟರ ಲೆಕ್ಕದಲ್ಲಿ ಎಣಿಸುವಂಥದ್ದು. 007ರವರೆಗೆ ವ್ಯತ್ಯಾಸ ತೋರುವುದಿಲ್ಲ, 008 ಎಂದರೆ ತಪ್ಪು ಎನ್ನುತ್ತದೆ, ಹಾಗಾಗಿ ಅಲ್ಲಿ ಬರಿಯ 8 ಮತ್ತು 9 ಬರೆದು, ಮುಂದೆ ಮತ್ತೆ 010 ಎಂದು ಬರೆದಿದ್ದರು. ಅಷ್ಟಮಾನದ 010 ಎಂದರೆ 8. ಡಿಕ್ಷನರಿಯಲ್ಲಿ ಎಂಟನೆಯ ಮಾರ್ಗದ ಹೆಸರನ್ನು ಹತ್ತನೆಯದರ ಹೆಸರು ಅಳಿಸಿ ಕೂತಿತ್ತು. ಪೈಥಾನ್ 3 ಈ ಬರಹವನ್ನು ಒಪ್ಪುವುದಿಲ್ಲ. ಅಷ್ಟಮಾನ ಬೇಕಿದ್ದರೆ ಸೊನ್ನೆಯ ಪಕ್ಕ ಓ ಬರೆದು ಬಾಯಿಬಿಟ್ಟು ಹೇಳಬೇಕು. ಸಾಧನ ನಿಷ್ಠೆಯಿಂದ ಓ ಸೇರಿಸಿತ್ತು, ಅಂದರೆ ತಪ್ಪನ್ನು ತಪ್ಪಾಗಿಯೇ ಕಾಪಾಡಿತ್ತು, ಆದರೆ ಕಣ್ಣಿಗೆ ಕಾಣುವ ಹಾಗೆ ಮಾಡಿತ್ತು. ಎಂಟನೆಯ ಮಾರ್ಗದ ವರದಿಯ ಮೇಲಿನ ಹೆಸರನ್ನು ಅಲ್ಲಿನ ಸಿಬ್ಬಂದಿ ವರ್ಷಗಳಿಂದ ಪೆನ್ನಿನಿಂದ ಹೊಡೆದು ಸರಿಯಾದದ್ದನ್ನು ಬರೆದುಕೊಳ್ಳುತ್ತಿದ್ದರು. ಕಂಪ್ಯೂಟರು ಹಾಗೇ ತೋರಿಸುತ್ತದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಹೆಸರುಗಳು

ಎಲ್ಲಕ್ಕಿಂತ ಹೆಚ್ಚು ದಿನ ತೆಗೆದುಕೊಂಡದ್ದು ಕನ್ನಡದ ಹೆಸರುಗಳು. ಕೋಡು ಪಠ್ಯವನ್ನು ಹಿಡಿದಿಡುವುದು ಸ್ಟ್ರಿಂಗ್‌ನಲ್ಲಿ. ಪೈಥಾನ್ 2ರ ಸಾಮಾನ್ಯ ಸ್ಟ್ರಿಂಗ್ ಎಂದರೆ ಬೈಟ್‌ಗಳ ಸಾಲು. ಒಳಗೇನಿದೆ ಎಂದು ಅದು ಕೇಳುವುದಿಲ್ಲ. ಪೈಥಾನ್ 3ರಲ್ಲಿ ಸ್ಟ್ರಿಂಗ್ ಎಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್‌ನ ಪಠ್ಯ, ಬೈಟ್‌ಗಳೇ ಬೇರೆ ಜಾತಿ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅಕ್ಷರವನ್ನು ಬೈಟ್‌ಗಳಲ್ಲಿ ಬರೆಯುವ ಯಾವ ಎನ್‌ಕೋಡಿಂಗ್ ಎಂದು ಹೇಳಲೇಬೇಕು. ಸದಸ್ಯರ ಕಡತವನ್ನು ಯೂನಿಕೋಡ್‌ಗೆ ರೂಢಿಯಲ್ಲಿರುವ ಎನ್‌ಕೋಡಿಂಗ್ ಆದ ಯುಟಿಎಫ್-8 ಎಂದು ತೆರೆದೊಡನೆ ತಪ್ಪು ತೋರಿ ನಿಂತಿತು. ಕಾರಣ ನಮ್ಮ ನಾಡಿನಲ್ಲಿ ಕಂಪ್ಯೂಟರಿಗೆ ಕನ್ನಡ ಬಂದ ಬಗೆಯಲ್ಲೇ ಇದೆ: ಹಳೆಯ ಸದಸ್ಯರ ಹೆಸರುಗಳು ನುಡಿ ಎಂಬ ಕನ್ನಡ ತಂತ್ರಾಂಶದ ಯೂನಿಕೋಡ್‌ಪೂರ್ವ ಅಕ್ಷರಶೈಲಿಯಲ್ಲಿ, ಹೊಸಬರದ್ದು ಯೂನಿಕೋಡ್‌ನಲ್ಲಿ, ಎರಡೂ ಒಂದೇ ಕಡತದಲ್ಲಿ. ಹಳೆಯ ಪೈಥಾನ್ ಎರಡನ್ನೂ ಪ್ರಶ್ನಿಸದೆ ಸಾಗಹಾಕುತ್ತಿತ್ತು.

ತುರ್ತಿನಲ್ಲಿ ಒಬ್ಬರು ಓದಲಾಗದ ಬೈಟ್‌ಗಳನ್ನು ಕಡೆಗಣಿಸು ಎಂಬ ಆಯ್ಕೆ ಹಾಕಿದರು. ತಪ್ಪು ಮಾಯವಾಯಿತು, ಜೊತೆಗೆ ಹಳೆಯ ಸದಸ್ಯರ ಹೆಸರೂ ಮಾಯವಾಗಿ ಒಂದೆರಡು ಇಂಗ್ಲಿಷ್ ಅಕ್ಷರಗಳು ಉಳಿದವು. ಅದನ್ನು ಆ ದಿನವೇ ತೆಗೆಸಿದೆವು. ಎನ್‌ಕೋಡಿಂಗ್ ತಪ್ಪನ್ನು ಕಡೆಗಣಿಸುವ ಆಯ್ಕೆಯನ್ನು ಜನರ ಹೆಸರಿನ ಮೇಲೆ ಎಂದೂ ಬಳಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೇರ್ಪಡಿಸುವ ದಾರಿ ಆ ಬೈಟ್‌ಗಳಲ್ಲೇ ಇತ್ತು. ನುಡಿಯ ಹಳೆಯ ಶೈಲಿಯಲ್ಲಿ ಅಕ್ಷರದ ತಲೆಕಟ್ಟಿಗೆ ಬಳಕೆಯಾಗುವುದು 192ನೆಯ ಬೈಟ್. ತಲೆಕಟ್ಟಿಲ್ಲದ ಕನ್ನಡ ಹೆಸರು ಅಪರೂಪ. ಸರಿಯಾದ ಯುಟಿಎಫ್-8ರಲ್ಲಿ 192 ಎಂಬ ಬೈಟ್ ಎಲ್ಲಿಯೂ ಬರುವಂತಿಲ್ಲ. ಹಾಗಾಗಿ ಕಡತವನ್ನು ಬೈಟ್‌ಗಳಾಗಿ ಓದಿ, ಪ್ರತಿ ಹೆಸರನ್ನೂ ಕಟ್ಟುನಿಟ್ಟಾಗಿ ಯುಟಿಎಫ್-8 ಎಂದು ಬಿಡಿಸಲು ಯತ್ನಿಸಿ, ಸೋತವನ್ನು ನುಡಿ ಎಂದು ಪರಿಗಣಿಸಿ ಪರಿವರ್ತಿಸಿದೆವು. ಪರಿವರ್ತನೆಯಾದ ಹೆಸರುಗಳನ್ನೂ, ಬರಿಯ ಇಂಗ್ಲಿಷ್ ಬೈಟ್‌ಗಳಷ್ಟೇ ಇದ್ದ ಸಾಲುಗಳನ್ನೂ ಅಚ್ಚು ಹಾಕಿ, ಆಯಾ ಸಂಘದ ಕಾರ್ಯದರ್ಶಿಯವರು ಒಂದೊಂದಾಗಿ ನೋಡಿ ಟಿಕ್ ಹಾಕಿದರು. ಈ ಕೆಲಸವನ್ನು ಯಂತ್ರಕ್ಕೆ ಪೂರ್ತಿ ಬಿಡಬೇಕೆಂದು ಯಾರೂ ವಾದಿಸಲಿಲ್ಲ.

ಆಮೇಲೆ ಉದ್ದದ ಪ್ರಶ್ನೆ ಬಂತು. ಪಟ್ಟಿಯಲ್ಲಿ ಹೆಸರಿಗೆ 30ರ ಮಿತಿ ಇತ್ತು. ಲಕ್ಷ್ಮಮ್ಮ ಎಂಬ ಹೆಸರನ್ನು ತೆಗೆದುಕೊಳ್ಳಿ. ಓದುವವರಿಗೆ ಅದು ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ, ಒತ್ತಕ್ಷರಗಳನ್ನು ಬೆಸೆಯುವ ಅರ್ಧಾಕ್ಷರದ ಚಿಹ್ನೆಗಳೂ (್) ಸೇರಿ, ಒಂಬತ್ತು ಘಟಕ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಘಟಕಕ್ಕೂ ಮೂರು ಬೈಟ್, ಒಟ್ಟು 27. ಪೈಥಾನ್ 2 ಇದರ ಉದ್ದ 27 ಎನ್ನುತ್ತಿತ್ತು, 3 ಒಂಬತ್ತು ಎನ್ನುತ್ತದೆ, ಕಣ್ಣು ಮೂರು ಎನ್ನುತ್ತದೆ. ಹಳೆಯದರಲ್ಲಿ ಆ ಹೆಸರು 30ರೊಳಗೆ ಕೂರುತ್ತಿತ್ತು, ಮುಂದೆ ಕೆ. ಎಂಬ ಇನಿಷಿಯಲ್ ಮತ್ತು ಒಂದು ಖಾಲಿ ಜಾಗ ಸೇರಿದರೆ 35 ಬೈಟ್ ಆಗಿ, ಮೂವತ್ತಕ್ಕೆ ಕತ್ತರಿಸಿದಾಗ "ಕೆ. ಲಕ್ಷ್ಮಮ" ಉಳಿದು, ಕೊನೆಯಲ್ಲಿ ಮುರಿದ ಒಂದು ಬೈಟ್ ಪ್ರಶ್ನೆ ಚಿಹ್ನೆಯಾಗಿ ನಿಲ್ಲುತ್ತಿತ್ತು. ತಮ್ಮ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಕಂಡು ಸಹಿ ಹಾಕುತ್ತಿದ್ದ ಮಹಿಳೆಯರನ್ನು ನೆನೆದರೆ ಈಗಲೂ ನನಗೆ ಬೇಸರವಾಗುತ್ತದೆ. ಹೊಸದರಲ್ಲಿ ಹೆಸರು ಪೂರ್ತಿ ಬಂತು, ಆದರೆ ಜಾಗ ತುಂಬಿಸಿ ಕಾಲಂ ಜೋಡಿಸುವ ಲೆಕ್ಕ ಘಟಕಗಳನ್ನು ಎಣಿಸುತ್ತದೆಯೇ ಹೊರತು ಕಾಗದದ ಮೇಲಿನ ಅಗಲವನ್ನಲ್ಲ. ಮೊತ್ತದ ಅಂಕಿಗಳು ಸಾಲಿಗೊಂದು ಕಡೆ ಬಿದ್ದವು. ಖಾಲಿ ಜಾಗದಿಂದ ಕಾಲಂ ಜೋಡಿಸುವ ಪದ್ಧತಿಯನ್ನೇ ಬಿಟ್ಟು, ಪಟ್ಟಿಯನ್ನು ಎಕ್ಸೆಲ್ ಕಡತದ ಮನೆಗಳಲ್ಲಿ ಬರೆಯುವಂತೆ ಮಾಡಿದೆವು.

ಏನಾಯಿತು

ಮೂರು ತಿಂಗಳ ನಂತರ ಹೋಲಿಕೆಯಲ್ಲಿ ಉಳಿದ ವ್ಯತ್ಯಾಸಗಳೆಲ್ಲಕ್ಕೂ ಪುಸ್ತಕದಲ್ಲಿ ಹೆಸರಿತ್ತು. ಮೊದಲ ಬಾರಿ ತೊಂದರೆಯಾಗಿದ್ದ ಸಂಘಕ್ಕೇ ಮೊದಲು ಕೊಟ್ಟೆವು, ಕಾರ್ಯದರ್ಶಿಯವರು ಒಪ್ಪಿದ ಮೇಲೆ. ಎರಡು ಬಟವಾಡೆಗಳ ಮಟ್ಟಿಗೆ ಹಳೆಯ ಕಂಪ್ಯೂಟರಿನಲ್ಲೂ ಪಟ್ಟಿ ತೆಗೆದು ಪಕ್ಕದಲ್ಲಿಟ್ಟು ನೋಡಿ, ಅನಂತರ ಉಳಿದ ಸಂಘಗಳಿಗೆ ಒಂದೊಂದಾಗಿ ಹೋದೆವು. ನಡುವೆ ಎರಡೂ ಆವೃತ್ತಿಯಲ್ಲಿ ಓಡಬೇಕಾದ ಕೆಲವು ಕಡತಗಳಿದ್ದವು. ಅಲ್ಲಿ ಸ್ಟ್ರಿಂಗ್ ಮುಂದೆ ಯು ಎಂದು ಬರೆಯುವ ಹಳೆಯ ರೂಢಿ ನೆರವಾಯಿತು. ಆ ಯುವನ್ನು 3.0ರಲ್ಲಿ ತೆಗೆದುಹಾಕಿದ್ದರು, 2012ರ 3.3ರಲ್ಲಿ, ವಲಸೆ ಹೋಗುವವರಿಗೆ ಅನುಕೂಲವಾಗಲೆಂದೇ, ಮರಳಿ ತಂದರು. ಭಾಷೆ ಕಟ್ಟುವವರು ಬಳಕೆದಾರರ ಕಷ್ಟ ನೋಡಿ ಒಂದು ಹೆಜ್ಜೆ ಹಿಂದೆ ಬಂದದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಇದೇ ಕೆಲಸ ಮುಂದಿರುವವರಿಗೆ ನನ್ನ ಸಲಹೆ ಕ್ರಮದ ಬಗೆಗೆ. ತಪ್ಪು ಸಂದೇಶಗಳ ಎಣಿಕೆಯನ್ನು ಕೆಲಸದ ಅಳತೆಯೆಂದು ಹಿಡಿಯಬೇಡಿ. ಅವು ಸೊನ್ನೆಯಾದ ದಿನ ಕೆಲಸ ಶುರುವಾಗುತ್ತದೆ. ಮೌನವಾಗಿ ಅರ್ಥ ಬದಲಾಗುವ ಕಡೆಗಳನ್ನು ಹಳೆಯ ಆವೃತ್ತಿಯಲ್ಲಿ ಇದ್ದುಕೊಂಡೇ ಸರಿಪಡಿಸಿ, ಆಗ ಒಂದು ಸಲಕ್ಕೆ ಒಂದೇ ವಿಷಯ ಬದಲಾಗುತ್ತದೆ. ಸಿಗದಿದ್ದರೆ ಇದನ್ನು ಕೊಡು ಎಂದು ಬರೆದಿರುವ ಸಾಲುಗಳನ್ನು ವಿಶೇಷವಾಗಿ ಹುಡುಕಿ, ಏಕೆಂದರೆ ತಪ್ಪು ಅಲ್ಲಿ ಅಡಗಿ ಕೂರುತ್ತದೆ. ನಮ್ಮ ಕೋಡಿನಲ್ಲಿ ಈಗ ಪಟ್ಟಿಯ ತಳಕ್ಕಿಂತ ಕೆಳಗಿನ ಜಿಡ್ಡಿಗೆ ಮಾತ್ರ ಕನಿಷ್ಠ ದರ. ಬೇರೆ ಯಾವ ಕಾರಣಕ್ಕೆ ದರ ಸಿಗದಿದ್ದರೂ ಪಟ್ಟಿ ನಿಲ್ಲುತ್ತದೆ, ಯಾವ ಸದಸ್ಯರದ್ದು, ಯಾವ ಹೊತ್ತಿನದು ಎಂದು ಹೇಳುತ್ತದೆ.

2024ರ ಅಕ್ಟೋಬರ್‌ಗೆ 3.8ರ ಬೆಂಬಲವೂ ಮುಗಿಯುವುದರಲ್ಲಿತ್ತು. ತಂಡ ಅದಕ್ಕೆ ಮೊದಲೇ 3.12ಕ್ಕೆ ಹೋಯಿತು, ಈ ಸಲ ನನ್ನನ್ನು ಕರೆಯದೆ. ಎಚ್ಚರಿಕೆಗಳನ್ನೂ ತಪ್ಪುಗಳೆಂದೇ ಪರಿಗಣಿಸು ಎಂಬ ಆಯ್ಕೆಯೊಂದಿಗೆ ಓಡಿಸಿದಾಗ, ಮೊಬೈಲ್ ಸಂಖ್ಯೆ ಪರಿಶೀಲಿಸುವ ಕಡೆ ಹಿಂಗೆರೆಯ (\) ಬಳಕೆ ಸರಿಯಿಲ್ಲ ಎಂಬ ದೂರು ಮಾತ್ರ ಬಂತು; ಆ ಸ್ಟ್ರಿಂಗ್‌ಗಳನ್ನು ಹಿಂಗೆರೆಯನ್ನು ಇದ್ದಂತೆಯೇ ಓದುವ ಕಚ್ಚಾ ಸ್ಟ್ರಿಂಗ್ ಮಾಡಿ ಸರಿಪಡಿಸಿದರು. 24 ಬಟವಾಡೆಗಳ ಹೋಲಿಕೆಯನ್ನು ಒಂದು ರಾತ್ರಿ ಓಡಿಸಿ, ಪುಸ್ತಕದಲ್ಲಿ "ವ್ಯತ್ಯಾಸ ಇಲ್ಲ" ಎಂದು ಬರೆದು ಸಹಿ ಹಾಕಿದರು. ಅದೇ ಪುಟದ ಕೆಳಗೆ ಇನ್ನೂ ಬಗೆಹರಿಯದ ಒಂದು ನಮೂದಿದೆ: ಕನ್ನಡದ ಎಸ್‌ಎಂಎಸ್ ಒಂದಕ್ಕೆ 70 ಘಟಕದ ಮಿತಿ, ಅದರೊಳಗೆ ಕೂರಿಸಲು ಉದ್ದದ ಹೆಸರುಗಳನ್ನು ಮೊಟಕುಗೊಳಿಸಬೇಕು, ಪೈಥಾನ್ 3 ಒತ್ತಕ್ಷರದ ನಡುವೆಯೂ ಕತ್ತರಿಸಿಬಿಡುತ್ತದೆ. ಅರ್ಧಾಕ್ಷರದ ಚಿಹ್ನೆಯ (್) ಹಿಂದೆ ಮುಂದೆ ಕತ್ತರಿಸದಂತೆ ಅಂದು ಅಷ್ಟಮಾನದ ಓ ಕಂಡುಹಿಡಿದ ಹುಡುಗಿ ಈಗ ಒಂದು ಫಂಕ್ಷನ್ ಬರೆಯುತ್ತಿದ್ದಾಳೆ.